ಹಿಂದೆ ಕೂತೋರ ಹೆಲ್ಮೆಟ್ ಏನ್ ಹೇಳುತ್ತೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಲ ಕಾರಿನ ಬಗ್ಗೆ ಬರೆದಿದ್ದಕ್ಕೆ "ನಮ್ಮತ್ರ ಕಾರ್ ಎಲ್ಲೈತ್ರೀ, ಬೈಕಿನ ಬಗ್ಗೆ ಬರೀರಿ" ಅಂತ ಚಳ್ಳಕೆರೆಯಿಂದ ಒಬ್ರು ಚೆನ್ನಾಗಿ ಬೈದು ಬರೆದಿದ್ರು. ಸರಿ ಬಿಡ್ರಿ, ದಸರಾ ರಜೆ ಬೇರೆ ಬಂತು, ಬಂದಿರೋ ಪತ್ರಗಳೂ ಹೆಚ್ಚುಕಮ್ಮಿ ಎಲ್ಲಾ ಅದೇ ವಿಷಯ, ಈ ಸಲ ಪೂರ್ತಿ ಬೈಕಿಗೇ ಬಿಟ್ಟಿದೀನಿ.

ಪ್ರಶ್ನೆ: ನಮ್ದು ದಾವಣಗೆರೆ. ರಜೆಗೆ ಹೆಂಡತಿ ತವರಿಗೆ ಬೈಕಲ್ಲೇ ಹೋಗೋ ಪ್ಲ್ಯಾನ್, ಹೊಸದುರ್ಗದ ಹತ್ರ ಹಳ್ಳಿ. ಅಲ್ಲಿಂದ ವಾಣಿ ವಿಲಾಸ ಸಾಗರ, ವಾಪಸ್ ಬರೋವಾಗ ಚಿತ್ರದುರ್ಗದ ಕೋಟೆ, ಜೋಗಿಮಟ್ಟಿ ಗುಡ್ಡ. ಮಗಳಿಗೆ 7 ವರ್ಷ, ಮಗನಿಗೆ 3. ಬೈಕು 125 ಸಿಸಿ. ಮಾವನೋರು "ನಾಲ್ಕು ಜನ ಒಂದೇ ಬೈಕಲ್ಲಿ ಬರೋದಾದ್ರೆ ಬರ್ಲೇಬೇಡ್ರಿ" ಅಂತಿದಾರೆ. ಅವರು ಸ್ವಲ್ಪ ಜಾಸ್ತಿನೇ ಹೆದರ್ತಾರೆ ಅಲ್ವಾ?

ಉತ್ತರ: ನನ್ನ ಓಟು ಮಾವನೋರಿಗೆ. ಕಾನೂನು ಮೊದಲು ಮುಗಿಸಿಬಿಡ್ತೀನಿ. ಓಡಿಸೋರ ಹಿಂದೆ ಒಬ್ರೇ ಕೂರ್ಬೇಕು. 4 ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ, ಅಂದ್ರೆ ನಿಮ್ಮ ಮಗಳಿಗೂ. 9 ತಿಂಗಳಿಂದ 4 ವರ್ಷದೊಳಗಿನ ಮಕ್ಕಳಿಗೆ 2023ರ ಫೆಬ್ರವರಿಯಿಂದ ಬೇರೆ ನಿಯಮನೇ ಇದೆ, ಮಗುವನ್ನ ಓಡಿಸೋರಿಗೆ ಸೇರಿಸಿ ಕಟ್ಟೋ ಬೆಲ್ಟು ಬೇಕು, ಮಗು ಸೈಜಿನ ಹೆಲ್ಮೆಟ್ ಬೇಕು, ಸ್ಪೀಡು 40 ದಾಟಬಾರದು.

ಪೊಲೀಸ್ನೋರು ಹಿಡೀತಾರೋ ಇಲ್ವೋ ಅದು ಬೇರೆ ಮಾತು. ನಮ್ಮ ಕಡೆ ಚಿಕ್ಕ ಮಗುನ ಪೆಟ್ರೋಲ್ ಟ್ಯಾಂಕ್ ಮೇಲೆ ಕೂರಿಸ್ಕೊಂಡು ಹೋಗೋದು ಮಾಮೂಲಿ ಅಲ್ವಾ, ಮಗು ಎರಡೂ ಕೈಲಿ ಹ್ಯಾಂಡಲ್ ಹಿಡ್ಕೊಂಡು ತಾನೇ ಓಡಿಸ್ತಾ ಇರೋ ಹಂಗೆ ಖುಷಿಯಾಗಿ ಇರುತ್ತೆ, ನೋಡೋಕೂ ಚೆನ್ನಾಗಿರುತ್ತೆ. ಆದ್ರೆ ಒಂದ್ಸಲ ಬೈಕ್ ಸ್ಟ್ಯಾಂಡ್ ಹಾಕಿ, ಮಗನ್ನ ಅಲ್ಲಿ ಕೂರಿಸಿ, ಹ್ಯಾಂಡಲ್ ಪೂರ್ತಿ ತಿರುಗಿಸಿ ನೋಡಿ. ಅವನ ಮೊಣಕಾಲು ಅಡ್ಡ ಬರುತ್ತೆ. ತಿರುವಿನ ರಸ್ತೇಲಿ ಆ ಮೊಣಕಾಲೇ ಸಾಕು. ಜೋರಾಗಿ ಬ್ರೇಕ್ ಹಾಕಿದ್ರೆ ಅವನ ಎದೆ ಹ್ಯಾಂಡಲ್ಲಿಗೆ, ನಿಮ್ಮ ಭಾರ ಅವನ ಬೆನ್ನಿಗೆ.

ನಾನಾಗಿದ್ರೆ ಹಿಂಗ್ ಮಾಡ್ತಿದ್ದೆ: ಮನೆಯವರು ಮತ್ತೆ ಮಗ ರೈಲಲ್ಲಿ ಹೊಸದುರ್ಗ ರೋಡ್ ಸ್ಟೇಷನ್‌ಗೆ, ನೀವು ಮಗಳು ಬೈಕಲ್ಲಿ. ಸ್ಟೇಷನ್ ಹೆಸರು ನೋಡಿ ಊರಲ್ಲೇ ಇಳೀತೀವಿ ಅನ್ಕೋಬೇಡಿ ಮತ್ತೆ, ಊರು ಅಲ್ಲಿಂದ ದೂರ ಇದೆ, "ರೋಡ್" ಅಂತ ಸೇರ್ಸಿರೋ ಸ್ಟೇಷನ್ನೆಲ್ಲಾ ಹಂಗೇ. ಮಾವನೋರಿಗೆ ಒಂದು ಫೋನ್ ಹಾಕಿ, ಅಳಿಯ ಮಾತು ಕೇಳಿದ ಅನ್ನೋ ಖುಷಿಗೆ ಅವರೇ ಯಾರ್ನಾದ್ರೂ ಕಳಿಸ್ತಾರೆ.

ಮಗಳ ಕಾಲು ಹಿಂದಿನ ಫುಟ್‌ರೆಸ್ಟ್ ಮುಟ್ಟುತ್ತಾ ನೋಡಿ. ಮುಟ್ಟಲ್ಲ ಅಂದ್ರೆ ಅವಳೂ ರೈಲಿಗೇ, ಅಳಲಿ ಪರವಾಗಿಲ್ಲ. ಮುಟ್ಟುತ್ತೆ ಅಂದ್ರೆ ಅರ್ಧ ಗಂಟೆಗೊಂದ್ಸಲ ನಿಲ್ಸಿ, ಮಕ್ಕಳು ಗಾಳಿಗೆ ಹಂಗೇ ತೂಕಡಿಸಿಬಿಡ್ತಾವೆ, ಹಿಂದೆ ಏನಾಗ್ತಿದೆ ಅಂತ ನಿಮಗೆ ಗೊತ್ತೂ ಆಗಲ್ಲ. ಹೊಳಲ್ಕೆರೆ ಮೇಲೆ ಹೋಗಿ, ಅಲ್ಲಿ ಬಯಲು ಗಣಪತಿ ಹತ್ರ ಇಳಿದು ಕೈಕಾಲು ಆಡಿಸಿ.

ವಾಣಿ ವಿಲಾಸ ಸಾಗರಕ್ಕೆ ಖಂಡಿತ ಹೋಗಿ. ನಮ್ಮ ಹಳಬರಿಗೆ ಅದು ಮಾರಿಕಣಿವೆ. ಎರಡು ಗುಡ್ಡದ ನಡುವೆ ವೇದಾವತಿಗೆ ಅಡ್ಡ ಕಟ್ಟಿರೋದು, 1907ರಲ್ಲಿ ಮುಗಿದಿದ್ದು, 1933 ಬಿಟ್ರೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲೇ, 89 ವರ್ಷ ಆದ್ಮೇಲೆ. ಆವಾಗ ಜಿಲ್ಲೆಗೆ ಜಿಲ್ಲೆನೇ ಜಾತ್ರೆ ಥರ ಹೊರಟಿತ್ತು. ಡ್ಯಾಮ್ ಹತ್ರ ತಿರುವಲ್ಲಿ ನೀರು ಕಂಡ ತಕ್ಷಣ ಎಲ್ರೂ ಕತ್ತು ಆ ಕಡೆ ತಿರುಗಿಸ್ತಾರೆ, ಬೈಕು ಕಣ್ಣು ಹೋದ ಕಡೆನೇ ಹೋಗುತ್ತೆ. ನೋಡ್ಬೇಕಾ, ನಿಲ್ಸಿ ನೋಡಿ.

ಕೋಟೆ ಮತ್ತೆ ಜೋಗಿಮಟ್ಟಿ ಒಂದೇ ದಿನ ಬೇಡ. ಏಳು ಸುತ್ತಿನ ಕೋಟೆ ಹತ್ತಿ, ಒನಕೆ ಓಬವ್ವನ ಕಿಂಡಿ ನೋಡಿ ಇಳಿದು ಬರೋ ಹೊತ್ತಿಗೆ ಕಾಲು ಗಡಗಡ ಅಂತಿರುತ್ತೆ, ಅದೇ ಕಾಲು ಆಮೇಲೆ ಗುಡ್ಡದ ಇಳಿಜಾರಲ್ಲಿ ಬ್ರೇಕ್ ಒತ್ಬೇಕು.

ಪ್ರಶ್ನೆ: ನಮ್ಮನೆಯವರು ತಿರುವಲ್ಲಿ ಬೈಕು ಮಲಗಿಸ್ತಾರೆ. ನಂಗೆ ಬಿದ್ದೇ ಹೋಗ್ತೀವಿ ಅನ್ಸಿ ನಾನು ಈಚೆ ಕಡೆಗೆ ವಾಲ್ತೀನಿ. "ನೀನ್ ಹಂಗ್ ಮಾಡಿದ್ರೆ ಬೈಕು ತಿರುಗೋದು ಹೆಂಗೆ" ಅಂತ ರೇಗ್ತಾರೆ. ನಾನು ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರೋದು. ತಪ್ಪು ಯಾರ್ದು, ನೀವೇ ಹೇಳಿ. (ಹೆಸರು ಹಾಕಬೇಡಿ)

ಉತ್ತರ: ಹಾಕಲ್ಲ ಅಕ್ಕಾ. ಅವರ ಮಾತು ನಿಜ, ತಪ್ಪೂ ಅವರದ್ದೇ.

ನಿಜ ಯಾಕಂದ್ರೆ, ಹಿಂದೆ ಕೂತೋರು ಬೈಕು ಬಗ್ಗಿದ ಕಡೆಗೆ ಉಲ್ಟಾ ವಾಲಿದ್ರೆ ಅದೇ ತಿರುವಿಗೆ ಬೈಕನ್ನ ಇನ್ನೂ ಜಾಸ್ತಿ ಬಗ್ಗಿಸ್ಬೇಕಾಗುತ್ತೆ. ಬೈಕು ಜಾಸ್ತಿ ಬಗ್ಗುತ್ತೆ, ನಿಮಗೆ ಇನ್ನೂ ಭಯ ಆಗುತ್ತೆ, ನೀವು ಇನ್ನೂ ಉಲ್ಟಾ ವಾಲ್ತೀರ. ನೀವು ವಾಲೋದೂ ಬೇಡ, ಬಗ್ಗೋದೂ ಬೇಡ. ಬಲಕ್ಕೆ ತಿರುಗಿದ್ರೆ ಅವರ ಬಲ ಭುಜದ ಮೇಲಿಂದ ರಸ್ತೆ ನೋಡಿ, ಎಡಕ್ಕಾದ್ರೆ ಎಡ ಭುಜದ ಮೇಲಿಂದ. ಅಷ್ಟೇ, ಮೈ ತಾನಾಗೇ ಸರಿಯಾಗಿ ಕೂರುತ್ತೆ.

ಈಗ ತಪ್ಪು. ನಿಮಗೆ ಭಯ ಆಗೋದು ಬೈಕು ಬಗ್ಗಿದ್ದಕ್ಕಲ್ಲ, ಅವರು ಜೋರಾಗಿ ಒಳಗೆ ನುಗ್ಗಿದ್ದಕ್ಕೆ. 40ರಲ್ಲಿ ಒಂದು ತಿರುವು ತಗೊಳ್ಳೋಕೆ ಟೈರಿಗೆ ಎಷ್ಟು ಹಿಡಿತ ಬೇಕೋ, ಅದೇ ತಿರುವು 60ರಲ್ಲಿ ತಗೊಂಡ್ರೆ ಅದರ ಎರಡೂಕಾಲು ಪಟ್ಟು ಬೇಕು. ಒಂದೂವರೆ ಅಲ್ಲ, ಎರಡೂಕಾಲು. ಮೀಟರ್ ಮುಳ್ಳು ಒಂಚೂರು ಮೇಲೆ ಹೋಗಿದ್ದಷ್ಟೇ ಅವರಿಗೆ ಕಾಣೋದು.

ನಾನು ಒಂದು ಲೆಕ್ಕ ಹೇಳ್ಕೊಡ್ತೀನಿ, ಮುಂದಿನ ಸಲ ಹೋಗೋವಾಗ ಸುಮ್ನೆ ಎಣಿಸ್ತಾ ಕೂತ್ಕೊಳ್ಳಿ. ನೀವೂ ಹೆಲ್ಮೆಟ್ ಹಾಕಿರ್ತೀರ ತಾನೆ? ತಿರುವಿನೊಳಗೆ ನಿಮ್ಮ ಹೆಲ್ಮೆಟ್ಟು ಅವರ ಹೆಲ್ಮೆಟ್ಟಿಗೆ ಟಕ್ ಅಂತ ಬಡೀತು ಅಂದ್ರೆ, ಅವರು ಒಳಗೆ ಬಂದ್ಮೇಲೆ ಬ್ರೇಕ್ ಹಿಡಿದ್ರು ಅಂತ ಅರ್ಥ, ಅಂದ್ರೆ ಬರೋಕೆ ಮುಂಚೆ ಸ್ಪೀಡ್ ಇಳಿಸ್ಲಿಲ್ಲ ಅಂತ ಅರ್ಥ. ಸ್ಪೀಡು, ಗೇರು ಎಲ್ಲಾ ತಿರುವು ಶುರು ಆಗೋಕೆ ಮುಂಚೆ, ಬೈಕು ನೆಟ್ಟಗಿರೋವಾಗಲೇ ಇಳಿಸಿಬಿಡ್ಬೇಕು, ಒಳಗೆ ಬಂದ್ಮೇಲೆ ಆಕ್ಸಿಲರೇಟರ್ ಸಣ್ಣಗೆ ಹಿಡ್ಕೊಂಡು ಸುಮ್ಮನೆ ಹೋಗ್ತಿರ್ಬೇಕು. ಊರು ತಲುಪಿದ್ಮೇಲೆ "ಹನ್ನೆರಡು ಸಲ ಟಕ್ ಅಂತು" ಅಂತ ಹೇಳಿ ನೋಡಿ. ನಮ್ಮನೇಲಿ ಹಂಗೇ ಶುರು ಆಗಿದ್ದು, ಮೊದಲ ಸಲ ಹೊಳಲ್ಕೆರೆಗೆ ಹೋಗಿ ಬರೋಷ್ಟರಲ್ಲಿ ನಂದು ಹತ್ತೊಂಬತ್ತು ಆಗಿತ್ತು, ನಾನು ಸಕ್ಕತ್ತಾಗಿ ಓಡಿಸ್ತೀನಿ ಅನ್ಕೊಂಡಿದ್ದೆ.

ಅವರಿಗೆ ಇನ್ನೊಂದು ಹೇಳಿ. ಬಲಕ್ಕೆ ತಿರುಗೋ ಕಡೆ ನಮ್ಮ ಗಂಡಸ್ರು ಶಾರ್ಟ್ ಹೊಡ್ಕೊಂಡು ರಸ್ತೆಯ ಆ ಕಡೆಗೇ ಹೋಗಿಬಿಡ್ತಾರೆ, ಎದುರಿಗೆ ಬಸ್ಸು ಬರೋದು ಅಲ್ಲೇ. ಎಡಕ್ಕೆ ತಿರುಗೋ ಕಡೆ ಒಳಗಿನ ಅಂಚಿಗೆ ಅಂಟ್ಕೊಂಡು ಹೋಗ್ತಾರೆ, ಮರಳು ಜಲ್ಲಿ ಸೇರ್ಕೊಂಡಿರೋದು ಅಲ್ಲೇ, ಮುಂದೆ ಏನಿದೆ ಅಂತ ಕಾಣದೇ ಇರೋದೂ ಅಲ್ಲೇ. ಬಲ ತಿರುವಲ್ಲಿ ನಮ್ಮ ಎಡಕ್ಕೇ ಇರೋದು, ಎಡ ತಿರುವಲ್ಲಿ ಅಂಚು ಬಿಟ್ಟು ನಮ್ಮ ಅರ್ಧ ರಸ್ತೆಯ ನಡುವೆ ಇರೋದು, ನಡುಗೆರೆ ಮಾತ್ರ ದಾಟಬಾರದು.

ಇನ್ನು ಸೀರೆ. ಒಂದೇ ಕಡೆ ಕೂತ್ರೆ ನೀವು ಹಿಡ್ಕೊಳ್ಳೋದು ಒಂದೇ ಕೈಲಿ, ಗುಡ್ಡದ ರಸ್ತೆಗೆ ಅದು ಸಾಲಲ್ಲ. ಚೂಡಿದಾರ್ ಹಾಕಿ ಎರಡೂ ಕಡೆ ಕಾಲು ಹಾಕಿ ಕೂತ್ಕೊಳ್ಳಿ, ಸೀರೆ ಬ್ಯಾಗಲ್ಲಿರಲಿ. ವೇಲು ಮಾತ್ರ ಕತ್ತಿಗೆ ಸುತ್ಕೊಂಡು ಹಿಂದೆ ಬಿಡಬೇಡಿ, ಗಾಳಿಗೆ ಹಾರಿ ಚೈನಿಗೋ ವೀಲಿಗೋ ಸಿಕ್ಕಿದ್ರೆ ಎಳೆಯೋದು ಕತ್ತನ್ನೇ. ಸ್ಟೈಲಿಗೆ ಅಂತ ಸೀರೆ ಗಾರ್ಡ್ ಬಿಚ್ಚಿಸಿದ್ರೆ ವಾಪಸ್ ಹಾಕಿಸ್ಲಿ, ಹಿಂದಿನ ವೀಲಿಗೆ ಅದು ನಿಯಮದಲ್ಲೇ ಇರೋ ಸಾಮಾನು.

ಪ್ರಶ್ನೆ: ಸರ್, ಜೋಗಿಮಟ್ಟಿಯಿಂದ ಇಳಿಯೋವಾಗ ನಮ್ಮ ಫ್ರೆಂಡ್ಸ್ ಎಲ್ಲಾ ನ್ಯೂಟ್ರಲ್ ಹಾಕಿ ಬಿಡ್ತಾರೆ, ಪೆಟ್ರೋಲ್ ಉಳಿಯುತ್ತೆ ಅಂತ. ನಿಜಾನಾ? (ಡಿಗ್ರಿ ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ಉಳಿಯಲ್ಲ ತಮ್ಮಾ. ಈಗಿನ ಬಿಎಸ್6 (ಹೊಗೆ ಕಮ್ಮಿ ಮಾಡೋ ಹೊಸ ನಿಯಮದ) ಬೈಕುಗಳೆಲ್ಲಾ ಹೆಚ್ಚುಕಮ್ಮಿ ಫ್ಯೂಯಲ್ ಇಂಜೆಕ್ಷನ್, ಅಂದ್ರೆ ಎಷ್ಟು ಪೆಟ್ರೋಲ್ ಬಿಡ್ಬೇಕು ಅಂತ ಬೈಕಿನ ಕಂಪ್ಯೂಟರ್ರೇ ಅಳೆಯುತ್ತೆ. ಗೇರಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿದ್ರೆ ವೀಲೇ ಇಂಜಿನ್ನನ್ನ ತಿರುಗಿಸ್ತಾ ಇರುತ್ತೆ, ಹಂಗಾಗಿ ಪೆಟ್ರೋಲ್ ಬಿಡೋದನ್ನ ಆ ಕಂಪ್ಯೂಟರ್ ತಾನೇ ನಿಲ್ಸುತ್ತೆ. ನ್ಯೂಟ್ರಲ್ ಮಾಡಿದ್ರೆ ಇಂಜಿನ್ ಆಫ್ ಆಗದೇ ಇರೋಕೆ ಪೆಟ್ರೋಲ್ ಕುಡೀತಾನೇ ಇರ್ಬೇಕು. ನಿಮ್ಮ ಫ್ರೆಂಡ್ಸು ಉಳಿಸ್ತಿಲ್ಲ, ಸುಡ್ತಿದಾರೆ.

ಅದಕ್ಕಿಂತ ಮುಖ್ಯ, ನ್ಯೂಟ್ರಲ್‌ನಲ್ಲಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತೆ. ಡ್ರಮ್ ಬ್ರೇಕ್ ಇದ್ರೆ ಒತ್ತಿ ಒತ್ತಿ ಕಾಯುತ್ತೆ, ಕಾದ ಮೇಲೆ ಎಷ್ಟು ತುಳಿದ್ರೂ ಹಿಡಿಯಲ್ಲ, ಒಂಥರಾ ಸುಟ್ಟ ವಾಸನೆ ಬರುತ್ತೆ. ಆ ವಾಸನೆ ಬಂದ್ರೆ ಪಕ್ಕಕ್ಕೆ ನಿಲ್ಸಿ ತಣ್ಣಗಾಗೋಕೆ ಬಿಡು, ನೀರು ಗೀರು ಹಾಕೋಕೆ ಹೋಗ್ಬೇಡ. ಹತ್ತೋವಾಗ ಯಾವ ಗೇರಲ್ಲಿ ಹತ್ತಿದ್ಯೋ ಇಳಿಯೋದೂ ಅದೇ ಗೇರಲ್ಲಿ, ಇದು ಲಾರಿ ಡ್ರೈವರ್‌ಗಳ ಹಳೇ ಲೆಕ್ಕ, ಬೈಕಿಗೂ ನಡಿಯುತ್ತೆ. ಮೇಲೆ ಗಾಳಿ ಬೇರೆ, ಅಲ್ಲಿ ಗಾಳಿ ಫ್ಯಾನು ಸುಮ್ನೆ ನಿಲ್ಸಿಲ್ಲ, ಗುಡ್ಡದ ಮರೆಯಿಂದ ಈಚೆ ಬಂದ ತಕ್ಷಣ ಅಡ್ಡಗಾಳಿ ಬೈಕನ್ನ ಒಂದು ಅಡಿ ಪಕ್ಕಕ್ಕೆ ತಳ್ಳುತ್ತೆ. ಹ್ಯಾಂಡಲ್ ಬಿಗಿಯಾಗಿ ಹಿಡಿದ್ರೆ ಇನ್ನೂ ಅಲ್ಲಾಡುತ್ತೆ, ಕೈ ಸಡಿಲ ಬಿಟ್ಟು ಮಂಡಿಯಲ್ಲಿ ಟ್ಯಾಂಕ್ ಒತ್ತಿ ಹಿಡಿ. ಕತ್ತಲಾಗೋಕೆ ಮುಂಚೆ ಇಳಿದುಬಿಡು, ಅದು ಕರಡಿ ಇರೋ ಕಾಡು.

ಪ್ರಶ್ನೆ: ಹೊರಡೋ ದಿನ ಬೈಕಿಗೆ ಏನೇನ್ ಚೆಕ್ ಮಾಡ್ಬೇಕು? ಹೊಟ್ಟೆಗೆ ಏನ್ ತಿಂದು ಹೊರಡ್ಬೇಕು?

ಉತ್ತರ: ಹಿಂದಿನ ಟೈರಿಗೆ ಗಾಳಿ. ಇಬ್ರು ಕೂತಾಗ ಬೇರೆ ಅಳತೆ ಇರುತ್ತೆ, ಬೈಕಲ್ಲೇ ಸ್ಟಿಕ್ಕರ್ ಅಂಟಿಸಿರ್ತಾರೆ, ಚೈನ್ ಕವರ್ ಹತ್ರನೋ ಎಲ್ಲೋ, ಒರೆಸಿ ಓದಿ. ಇಬ್ರು ಕೂತು ಲಗೇಜೂ ಇಟ್ರೆ ಹಿಂಭಾಗ ಕುಸಿದು ಹೆಡ್‌ಲೈಟು ಆಕಾಶ ನೋಡುತ್ತೆ, ಹಿಂದಿನ ಶಾಕ್ ಅಬ್ಸಾರ್ಬರನ್ನ ಒಂದೆರಡು ಮೆಟ್ಟಿಲು ಟೈಟ್ ಮಾಡಿಸಿ. ಹೊಟ್ಟೆಗಾದ್ರೆ, ದಾವಣಗೆರೆಯೋರಿಗೆ ನಾನೇನು ಹೇಳೋದು, ಆದ್ರೆ ಎರಡು ಬೆಣ್ಣೆದೋಸೆ ತಿಂದು ಬಿಸಿಲಲ್ಲಿ ಹೊರಟ್ರೆ ಕಣ್ಣು ಎಳೆಯುತ್ತೆ. ವಾಪಸ್ ಬಂದ್ಮೇಲೆ ತಿನ್ನಿ.

ಪ್ರಶ್ನೆ: ಚನ್ನಗಿರಿ ಕಡೆ ರಸ್ತೆ ಮೇಲೆಲ್ಲಾ ಮೆಕ್ಕೆಜೋಳ ಒಣಗಿಸಿರ್ತಾರೆ. ಕೇಳಿದ್ರೆ ಜಗಳಕ್ಕೇ ಬರ್ತಾರೆ. ಬೈಕ್ನೋರು ಏನ್ ಮಾಡ್ಬೇಕು?

ಉತ್ತರ: ಜಗಳ ಬೇಡ. ಅವರಿಗೂ ಕಣ ಇಲ್ಲ, ಮೋಡ ಆದ್ರೆ ವರ್ಷದ ಬೆಳೆ ಮುಗ್ಗು ಹಿಡಿಯುತ್ತೆ, ಡಾಂಬರಿನ ಥರ ಬಿಸಿ ಆಗೋ ಜಾಗ ಊರಲ್ಲಿ ಬೇರೆ ಎಲ್ಲಿದೆ ಹೇಳಿ. ಹಂಗಂತ ಅವರು ಮಾಡೋದು ಸರಿ ಅಂತ ಅಲ್ಲ.

ಜೋಳ ದೂರದಿಂದಲೇ ಕಾಣುತ್ತೆ, ಅದಲ್ಲ ಅಪಾಯ. ಅಪಾಯ ಮೂರು ಕಡೆ. ಒಂದು, ರಾಶಿಯಿಂದ ಈಚೆ ಚೆಲ್ಲಿರೋ ನಾಲ್ಕು ಕಾಳು, ಅದು ಟೈರಿನ ಕೆಳಗೆ ಸೈಕಲ್ ಬಾಲ್ಸ್ ಇದ್ದಂಗೆ. ಇನ್ನೊಂದು, ಟಾರ್ಪಲ್ ಹಾರದಂಗೆ ಸುತ್ತ ಇಟ್ಟ ಕಲ್ಲು, ಜೋಳ ತುಂಬ್ಕೊಂಡು ಹೋದ್ಮೇಲೂ ಆ ಕಲ್ಲು ರಸ್ತೇಲೇ ಉಳಿದುಬಿಡುತ್ತೆ, ರಾತ್ರಿ ಯಾವನಿಗೂ ಕಾಣಲ್ಲ. ಮತ್ತೊಂದು, ಜೋಳ ತಪ್ಪಿಸೋಕೆ ಎದುರಿನ ಗಾಡಿಯೋರು ನಿಮ್ಮ ಕಡೆಗೇ ಬರೋದು. ಕಾಳಿನ ಮೇಲೆ ಹೋಗ್ಲೇಬೇಕು ಅಂದ್ರೆ ಮೊದ್ಲೇ ಸ್ಪೀಡ್ ಪೂರ್ತಿ ಇಳಿಸಿ, ಬೈಕು ನೆಟ್ಟಗೆ, ಹ್ಯಾಂಡಲ್ ನೇರ, ಬಲಗೈ ಬೆರಳು ಬ್ರೇಕಿನಿಂದ ದೂರ, ಕಾಲು ಕೆಳಗೆ ಬಿಡದೇ ಹಂಗೇ ದಾಟಿ.

ಇದು ನಂಗೆ ಹೆಂಗ್ ಗೊತ್ತು ಅಂದ್ರೆ, ಸಂತೇಬೆನ್ನೂರಿನ ಪುಷ್ಕರಣಿ ನೋಡ್ಕೊಂಡು ಸೂಳೆಕೆರೆ ಕಡೆ ಹೋಗ್ತಾ ನಾನೂ ನಮ್ಮ ಮನೆಯವರೂ ಬಿದ್ದಿದೀವಿ. ಸ್ಪೀಡೇನೂ ಇರ್ಲಿಲ್ಲ, ಇಪ್ಪತ್ತು ಇಪ್ಪತ್ತೈದು ಇದ್ದಿರ್ಬಹುದು, ಎಡ ತಿರುವು, ಜೋಳ ಕಂಡು ಗಾಬರಿಯಾಗಿ ಮುಂದಿನ ಬ್ರೇಕ್ ಮುಟ್ಟಿದೆ ಅಷ್ಟೇ, ಮುಂದಿನ ವೀಲು ಸರ್ ಅಂತ ಜಾರಿ ನಾವಿಬ್ರೂ ಜೋಳದ ರಾಶಿ ಮೇಲೆ ಮಲಗಿದ್ವಿ. ಮನೆಯವರ ಬಳೆ ನಾಲ್ಕು ಒಡೆದು ಮುಂಗೈ ತರಚಿತ್ತು, ನನ್ನ ಪ್ಯಾಂಟ್ ಮಂಡಿ ಹರಿದಿತ್ತು. ಗೋರು ಹಿಡ್ಕೊಂಡು ಜೋಳ ತಿರುವಿ ಹಾಕ್ತಿದ್ದ ಅಜ್ಜಿ ಓಡಿ ಬಂದ್ಲು, ಬಂದೋಳು ಮೊದ್ಲು ಜೋಳ ನೋಡಿದ್ಲು, ಆಮೇಲೆ ನಮ್ಮನ್ನ. ನಂಗೆ ಬಯ್ಯೋಕೆ ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಚೊಂಬಲ್ಲಿ ನೀರು ತಂದು ನಮ್ಮನೆಯವರ ಕೈ ತೊಳೆದು, ಅರಿಶಿನ ಹಚ್ಚಿ, "ಗಂಡಸ್ರಿಗೆ ಅರ್ಜೆಂಟು ಕಣವ್ವ" ಅಂದ್ಲು. ಇವಳು ನಕ್ಕುಬಿಟ್ಲು. ಇಬ್ರೂ ಸೇರ್ಕೊಂಡು ಚೆಲ್ಲಿದ ಜೋಳ ಬಳಿಯೋಕೆ ಕೂತ್ರು, ನಾನು ಹ್ಯಾಂಡಲ್ ನೆಟ್ಟಗೆ ಮಾಡ್ತಾ ನಿಂತೆ. ಮನೆಗೆ ಬಂದು ಒಂದು ವಾರ ಆದ್ರೂ ಚೈನ್ ಕವರಿಂದ ಕಾಳು ಉದುರ್ತಾನೇ ಇತ್ತು.