ಯಾರೂ ನೂಕದ ಜೋಕಾಲಿ ಮೇಲೇರುವುದು ಯಾಕೆ?

ಪ್ರಶ್ನೆ: ಮೇಡಂ, ನಾನು ಶಹಾಪುರದವಳು. ಕಲಬುರಗಿಯಲ್ಲಿ ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ, ಕಾಲದ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಲೆಕ್ಕ ಹಾಕುವ ಆಯ್ಲರ್ ವಿಧಾನದಲ್ಲಿ ಲೋಲಕದ ಪ್ರೋಗ್ರಾಮ್ ಬರೆದೆ. ಘರ್ಷಣೆ ಇಟ್ಟಿಲ್ಲ, ಆದರೂ ಲೋಲಕ ಪ್ರತಿ ಸಲ ಇನ್ನಷ್ಟು ಮೇಲೆ ಹೋಗುತ್ತದೆ. ಮೂರು ದಿನ ತಪ್ಪು ಹುಡುಕಿದೆ, ಸಿಗಲಿಲ್ಲ. ಸೀನಿಯರ್ ಒಬ್ಬರು ‘ಸುಮ್ನೆ ಆರ್‌ಕೆ-4 ಹಾಕು’ (ರುಂಗೆ-ಕುಟ್ಟಾ ಅನ್ನುವ ಇನ್ನೊಂದು ವಿಧಾನ) ಅಂದರು. ಹಾಕಿದೆ, ಸರಿಹೋಯಿತು. ಯಾಕೆ ಅಂತ ವೈವಾದಲ್ಲಿ ಕೇಳಿದರೆ ಏನು ಹೇಳಲಿ? ಇನ್ನೊಂದು, ಹವಾಮಾನದ ಲೆಕ್ಕದಿಂದ ಬಂದ ಲೊರೆಂಜ್ ಸಮೀಕರಣಕ್ಕೆ ನನ್ನ ಉತ್ತರವೂ ಗೆಳತಿಯ ಉತ್ತರವೂ ತಾಳೆಯಾಗುತ್ತಿಲ್ಲ. ಯಾರದು ತಪ್ಪು?

ಉತ್ತರ: ತಂಗಿ, ಏಕವಚನಕ್ಕೆ ಬೇಜಾರು ಮಾಡಿಕೊಳ್ಳಬೇಡ, ಮೂವತ್ತು ವರ್ಷ ಪಾಠ ಮಾಡಿದ ಚಾಳಿ. ನಿನ್ನ ಪ್ರೋಗ್ರಾಮ್ ಸರಿಯಾಗಿಯೇ ಇದೆ. ಪಂಚಮಿ ಜೋಕಾಲಿ ಯಾರೂ ನೂಕದೆ ಮೇಲೇರಿದರೆ ನಿಮ್ಮೂರಲ್ಲಿ ದೆವ್ವ ಅಂತಾರೆ, ಅಲ್ವಾ? ಇಲ್ಲಿ ನೂಕುತ್ತಿರುವ ದೆವ್ವ ಆಯ್ಲರ್ ವಿಧಾನವೇ.

ಲ್ಯಾಪ್‌ಟಾಪ್ ಮುಚ್ಚಿ ಕ್ಯಾಲ್ಕುಲೇಟರ್ ತಗೋ. ತೂಗಾಟ ಸಣ್ಣದು ಅಂದುಕೊಂಡರೆ ಲೆಕ್ಕ ಇಷ್ಟೇ: ಸ್ಥಾನ ಬದಲಾಗುವ ದರ ವೇಗ, ವೇಗ ಬದಲಾಗುವ ದರ ಮೈನಸ್ ಸ್ಥಾನ. ಆಯ್ಲರ್ ಮಾಡುವುದು ದರವನ್ನು ಹೆಜ್ಜೆಯಿಂದ ಗುಣಿಸಿ ಹಳೆಯ ಬೆಲೆಗೆ ಕೂಡಿಸುವುದು, ಅಷ್ಟೇ. ಶುರುವಿಗೆ ಸ್ಥಾನ 1, ವೇಗ 0, ಕಾಲದ ಹೆಜ್ಜೆ 0.1. ಮೊದಲ ಹೆಜ್ಜೆಗೆ ಸ್ಥಾನ 1 ಆಗಿಯೇ ಉಳಿಯಿತು, ವೇಗ −0.1 ಆಯಿತು. ಎರಡನ್ನೂ ವರ್ಗ ಮಾಡಿ ಕೂಡಿಸು: 1.01. ಈ ಮೊತ್ತ ಶಕ್ತಿಯ ಲೆಕ್ಕ, ಅದು 1ರಲ್ಲೇ ನಿಲ್ಲಬೇಕಿತ್ತು. ಪ್ರತಿ ಹೆಜ್ಜೆಗೂ ಒಂದು ಪರ್ಸೆಂಟ್ ಚಕ್ರಬಡ್ಡಿ! ನೂರು ಹೆಜ್ಜೆಗೆ 2.7 ಪಟ್ಟು. ಹೆಜ್ಜೆಯನ್ನು 0.05 ಮಾಡು, ಅಷ್ಟೇ ಹೊತ್ತಿಗೆ 1.65 ಪಟ್ಟು. ಬಡ್ಡಿ ಕಮ್ಮಿಯಾಯಿತು, ಸಾಲ ಬೆಳೆಯುವುದು ತಪ್ಪಲಿಲ್ಲ.

ಯಾಕೆ ಅಂದರೆ, ಸ್ಥಾನ ಒಂದು ಅಕ್ಷ, ವೇಗ ಇನ್ನೊಂದು ಅಕ್ಷ ಮಾಡಿ ಗೆರೆ ಎಳೆದರೆ ಲೋಲಕ ವೃತ್ತದ ಮೇಲೆ ಓಡುತ್ತದೆ. ನಮ್ಮ ರಿಂಗ್ ರೋಡಿನ ತಿರುವಿನಲ್ಲಿ ಸ್ಕೂಟಿಯ ಹ್ಯಾಂಡಲ್ ನೆಟ್ಟಗೆ ಹಿಡಿದು ಇಪ್ಪತ್ತು ಅಡಿ ಹೋಗು, ಆಮೇಲೆ ತಿರುಗಿಸು, ಮತ್ತೆ ನೆಟ್ಟಗೆ ಇಪ್ಪತ್ತು ಅಡಿ. ಪ್ರತಿ ಸಲ ರಸ್ತೆಯ ಹೊರಅಂಚಿಗೇ ಸರಿಯುತ್ತೀ. ಒಳಗೆ ಒಂದು ಸಲವೂ ಬರುವುದಿಲ್ಲ. ಆಯ್ಲರನ ಹೆಜ್ಜೆಯೂ ಹಾಗೇ. (ನಿಜವಾಗಿ ಮಾಡಬೇಡ ಮತ್ತೆ, ಅಲ್ಲಿ ಲಾರಿಗಳು ಜಾಸ್ತಿ.)

ಈಗ ಒಂದೇ ಒಂದು ಸಾಲು ಬದಲಿಸು. ಮೊದಲು ವೇಗ ಲೆಕ್ಕ ಹಾಕು, ಸ್ಥಾನಕ್ಕೆ ಆ ಹೊಸ ವೇಗವನ್ನೇ ಬಳಸು. ವೇಗ −0.1, ಸ್ಥಾನ 0.99, ಮೊತ್ತ 0.9901. ಇದನ್ನು ಎಷ್ಟು ಓಡಿಸಿದರೂ ಮೊತ್ತ 0.95ರಿಂದ 1.06ರೊಳಗೇ ಆಡುತ್ತಿರುತ್ತದೆ. ಇದಕ್ಕೆ ಸಿಂಪ್ಲೆಕ್ಟಿಕ್ ಆಯ್ಲರ್ ಅನ್ನುತ್ತಾರೆ. ನಿನ್ನ ಸೀನಿಯರ್ ಹೇಳಿದ ಆರ್‌ಕೆ-4 ಇದಕ್ಕಿಂತ ಎಷ್ಟೋ ನಿಖರ. ಆದರೆ ಅದೂ ಶಕ್ತಿಯನ್ನು ಸೋರಿಸುತ್ತದೆ, 0.1ರ ಒಂದೊಂದು ಹೆಜ್ಜೆಗೂ ಏಳು ಕೋಟಿಯಲ್ಲಿ ಸುಮಾರು ಒಂದು ಪಾಲು. ನಿನ್ನ ಪ್ರಾಜೆಕ್ಟಿಗೆ ಧಾರಾಳ ಸಾಕು. ಗ್ರಹಗಳನ್ನು ಕೋಟಿಗಟ್ಟಲೆ ಸುತ್ತು ಸುತ್ತಿಸುವವರು ಮಾತ್ರ ಸಿಂಪ್ಲೆಕ್ಟಿಕ್ ಜಾತಿಯ ವಿಧಾನಗಳನ್ನೇ ಹುಡುಕುತ್ತಾರೆ.

ನನ್ನದೂ ಒಂದು ತಪ್ಪಿದೆ. ಆರ್‌ಕೆ-4ರ ಪಟ್ಟಿಯನ್ನು ಐದು ದಶಮಾಂಶಕ್ಕೆ ಕೈಯಲ್ಲೇ ತುಂಬಿಸಿ, ಎರಡು ಹೆಜ್ಜೆ ಬಂದರೆ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದೆ. ಆಳಂದದ ಹುಡುಗನೊಬ್ಬ ‘ಮೇಡಂ, ನೂರನೇ ಹೆಜ್ಜಿಗೆ ಏನಾಗ್ತದ್ರಿ?’ ಅಂದ. ‘ಸಿಲಬಸ್ಸಿನಲ್ಲಿಲ್ಲ, ಕುಂದ್ರು’ ಅಂದೆ. ನಿನ್ನ ಪತ್ರ ಓದುವಾಗ ಅವನ ಮುಖ ಕಣ್ಣ ಮುಂದೆ ಬಂತು.

ಇನ್ನು ಲೊರೆಂಜ್. ಇಬ್ಬರದೂ ತಪ್ಪಿರಲಿಕ್ಕಿಲ್ಲ. 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಹವಾಮಾನದ ಲೆಕ್ಕವನ್ನು ನಡುವಿನಿಂದ ಮತ್ತೆ ಓಡಿಸಲು 0.506127 ಬದಲು ಪ್ರಿಂಟಿನಲ್ಲಿದ್ದ 0.506 ಹಾಕಿದರು. ಸ್ವಲ್ಪ ಹೊತ್ತಿಗೆ ಹವಾಮಾನವೇ ಬೇರೆಯಾಯಿತು. ನಿಮ್ಮಿಬ್ಬರ ಹೆಜ್ಜೆ ಬೇರೆ ಇದ್ದರೂ ಅದೇ ಕತೆ. ಹೆಜ್ಜೆಯನ್ನು ಅರ್ಧ ಮಾಡಿ ಓಡಿಸು, ಎರಡು ಗೆರೆಗಳು ಎಲ್ಲಿಯವರೆಗೆ ಒಂದರ ಮೇಲೊಂದು ಕೂರುತ್ತವೋ ಅಲ್ಲಿಯವರೆಗೆ ಮಾತ್ರ ಅಂಕಿಗಳನ್ನು ನಂಬು. ಆಮೇಲಿನದರಲ್ಲಿ ಗೆರೆ ಬಿಡಿಸುವ ಚಿಟ್ಟೆಯಂಥ ಆಕಾರ ನೋಡು, ಅದು ಇಬ್ಬರಿಗೂ ಒಂದೇ ಬಂದಿರುತ್ತದೆ.

ವೈವಾಕ್ಕೆ ಮೂರೂ ವಿಧಾನದ ಶಕ್ತಿಯ ಗ್ರಾಫನ್ನು ಒಂದೇ ಹಾಳೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಹೋಗು. ಆಯ್ಲರನ ಗೆರೆ ಹಾಳೆ ದಾಟಿ ಹೋಗುತ್ತಿದ್ದರೆ ಹಾಗೇ ಬಿಡು, ಪ್ರಶ್ನೆ ಅದರ ಮೇಲೇ ಬರುತ್ತದೆ.