ಬಕೆಟ್‌ಹೆಡ್‌ನ ಎಲ್ಲಿಂದ ಕೇಳೋಕೆ ಶುರು ಮಾಡೋದು

ಗಿಟಾರಿಸ್ಟ್ ಬಕೆಟ್‌ಹೆಡ್‌ನ ‘ಸೂತ್‌ಸೇಯರ್’ ಟ್ರ್ಯಾಕ್ ಕೇಳಿ ಮರುಳಾದೆ, ಆಮೇಲೆ ಸಿಕ್ಕಿದ ಪೈಕ್‌ಗಳೆಲ್ಲ (ಅವನು ನಂಬರ್ ಹಾಕಿ ಬಿಡುವ ಪುಟ್ಟ ಆಲ್ಬಮ್‌ಗಳು) ಸಪ್ಪೆ ಅನ್ನಿಸಿದವು, ಮುಂದೆ ಏನು ಕೇಳಲಿ ಅಂತ ಕೇಳಿದ್ದೀರಿ. ಇಷ್ಟಕ್ಕೇ ಕೈಬಿಡಬೇಡಿ. ಬಕೆಟ್‌ಹೆಡ್‌ನನ್ನು ಕೇಳಲು ಕೂತವರಲ್ಲಿ ಬಹಳ ಜನಕ್ಕೆ ಹೀಗೇ ಆಗುತ್ತದೆ.

ಪೈಕ್‌ಗಳನ್ನು ನಂಬರ್ ಪ್ರಕಾರ ಒಂದರಿಂದ ಕೇಳುತ್ತಾ ಹೋಗಬೇಡಿ. 2011ರಲ್ಲಿ ಶುರುವಾದ ಈ ಪುಟ್ಟ ಆಲ್ಬಮ್‌ಗಳು ಹೆಚ್ಚಾಗಿ ಅರ್ಧ ಗಂಟೆಯವು. 2015 ಒಂದೇ ವರ್ಷದಲ್ಲಿ 118 ಬಂದವು, ಅಂದರೆ ಹೆಚ್ಚುಕಮ್ಮಿ ಮೂರು ದಿನಕ್ಕೊಂದು! ಬೇರೆ ಗಿಟಾರಿಸ್ಟ್‌ಗಳು ಅಭ್ಯಾಸದ ಕೋಣೆಯಲ್ಲೇ ಬಿಟ್ಟುಬಿಡುವಂಥದ್ದನ್ನೂ ಇವನು ಆಲ್ಬಮ್ ಮಾಡುತ್ತಾನೆ. ಹಾಗಾಗಿ ಒಂದೇ ಥರದ ಭಾರಿ ರಿಫ್‌ಗಳು (ಗಿಟಾರ್‌ನ ಚಿಕ್ಕ ತುಣುಕುಗಳು) ಮತ್ತೆ ಮತ್ತೆ ಬರುತ್ತವೆ, ನಡುವೆ ಇದ್ದಕ್ಕಿದ್ದಂತೆ ಎದೆ ಹಿಂಡುವ ಒಂದು ರಾಗ ಸಿಗುತ್ತದೆ.

ಮೊದಲು 1998ರ ‘ಕೋಲ್ಮಾ’ ಕೇಳಿ. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ತಾಯಿಗೆ ಕೇಳಲು ಹಿತವಾಗಿರಲಿ ಅಂತ ಮಾಡಿದ ಆಲ್ಬಮ್ ಅದು. ತಲೆ ಮೇಲೆ ಚಿಕನ್ ಬಕೆಟ್, ಮುಖಕ್ಕೆ ಬಿಳಿ ಮುಖವಾಡ ಹಾಕಿಕೊಂಡು ಮಿಂಚಿನ ವೇಗದಲ್ಲಿ ಬಾರಿಸುವವನು ಇಲ್ಲಿ ಒಂದೊಂದು ಸ್ವರಕ್ಕೂ ಉಸಿರಾಡಲು ಜಾಗ ಬಿಡುತ್ತಾನೆ. ನನ್ನ ಪ್ರಕಾರ ಅವನ ನಿಜವಾದ ಶಕ್ತಿ ಇದೇ, ವೇಗ ಅಲ್ಲ. ಇದು ಹಿಡಿಸಿದರೆ 2002ರ ‘ಎಲೆಕ್ಟ್ರಿಕ್ ಟಿಯರ್ಸ್’ ಕೇಳಿ, ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಇನ್ನೂ ಚೆನ್ನ.

‘ಸೂತ್‌ಸೇಯರ್’ ಇರುವ 2006ರ ‘ಕ್ರೈಮ್ ಸ್ಲಂಕ್ ಸೀನ್’ ಪೂರ್ತಿ ಕೇಳಿದ್ದೀರಾ? ಇಲ್ಲದಿದ್ದರೆ ಅದನ್ನೂ ಕೇಳಿ. ಬ್ಲೂಸ್ ಇಷ್ಟವಾದರೆ ಕೀಬೋರ್ಡ್ ನುಡಿಸುವ ಟ್ರಾವಿಸ್ ಡಿಕರ್ಸನ್ ಜೊತೆ ಮಾಡಿದ ‘ಪಾಪ್ಯುಲೇಶನ್ ಓವರ್‌ರೈಡ್’. ಫಂಕ್ ಬೇಕಾದರೆ ಅವನು ನುಡಿಸಿದ ಪ್ರಾಕ್ಸಿಸ್ ಬ್ಯಾಂಡ್‌ನ 1992ರ ಆಲ್ಬಮ್ ‘ಟ್ರಾನ್ಸ್‌ಮ್ಯುಟೇಶನ್’, ಫಂಕ್‌ನ ದಿಗ್ಗಜರಾದ ಬೂಟ್ಸಿ ಕಾಲಿನ್ಸ್ (ಬಾಸ್), ಬರ್ನಿ ವೊರೆಲ್ (ಕೀಬೋರ್ಡ್) ಇಬ್ಬರೂ ಅದರಲ್ಲಿದ್ದಾರೆ. ರಾಕ್ ಬ್ಯಾಂಡ್ ಗನ್ಸ್ ಎನ್ ರೋಸಸ್ ಜೊತೆ ಇದ್ದ ಕಾಲದ್ದನ್ನು ಆಮೇಲೆ ನೋಡಿಕೊಂಡರಾಯಿತು, ಅವಸರವಿಲ್ಲ.

ಗಿಟಾರ್ ತೊದಲಿದ ಹಾಗೆ ಟಕಟಕ ಅನ್ನೋದು ಕೇಳಿದರೆ ಅದು ಕಿಲ್‌ಸ್ವಿಚ್. ಸದ್ದನ್ನು ಕ್ಷಣ ಕತ್ತರಿಸುವ ಗುಂಡಿ. ಅದರಲ್ಲೂ ತಾಳ ಹಿಡಿಯುತ್ತಾನಲ್ಲ, ಅದನ್ನು ಗಮನಿಸಿ.

ಇಷ್ಟಾದ ಮೇಲೆ ಪೈಕ್‌ಗಳಿಗೆ ವಾಪಸ್ ಬನ್ನಿ. ಹತ್ತು ನಿಮಿಷದಲ್ಲಿ ಹಿಡಿಸದಿದ್ದರೆ ಮುಂದಿನದಕ್ಕೆ ಹೋಗಿ, ಹಿಡಿಸಿದ್ದರ ನಂಬರ್ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಅಷ್ಟು ರಾಶಿಯಲ್ಲಿ ಅದು ಮತ್ತೆ ಸಿಗೋದು ಕಷ್ಟ. ಅಂದ ಹಾಗೆ, ‘ಸೂತ್‌ಸೇಯರ್’ನಲ್ಲಿ ನಿಮಗೆ ಹಿಡಿಸಿದ್ದು ನಿಧಾನದ ಆರಂಭವಾ, ಕೊನೆಯ ಸೋಲೋನಾ? ಹೇಳಿ, ಅದಕ್ಕೆ ತಕ್ಕ ಪೈಕ್‌ಗಳನ್ನು ಹುಡುಕಿ ಕೊಡುತ್ತೇನೆ.