ಚಳಿಯಲ್ಲ ಸ್ವಾಮಿ, ಮಳೆ!

ಪತ್ರ: ಕಳೆದ ಸಂಚಿಕೆಯಲ್ಲಿ ಆರ್ಕ್ಟಿಕ್‌ನ ಮಸ್ಕ್ ಆಕ್ಸ್ ಬಗ್ಗೆ ಓದಿದೆ. ಪಾಪ, ಮೈನಸ್ 40 ಡಿಗ್ರಿಯಲ್ಲಿ ಬದುಕುವ ಪ್ರಾಣಿ. ಭೂಮಿ ಸ್ವಲ್ಪ ಬಿಸಿಯಾದರೆ ಅದಕ್ಕೆ ಒಳ್ಳೆಯದೇ ಅಲ್ವಾ? ಹುಲ್ಲೂ ಜಾಸ್ತಿ ಚಿಗುರುತ್ತದೆ. ಎಲ್ಲದಕ್ಕೂ ಯಾಕೆ ಗೋಳು?
ಓದುಗರೊಬ್ಬರು, ಧಾರವಾಡ

ಉತ್ತರ: ಹುಲ್ಲಿನ ಮಾತು ಒಪ್ಪಿದೆ. ಬೇಸಿಗೆ ಉದ್ದವಾದರೆ ಮೇವು ಹೆಚ್ಚಬಹುದು. ಆದರೆ ಆ ‘ಪಾಪ’ ಇದೆಯಲ್ಲ, ಅದನ್ನು ವಾಪಸ್ ತಗೊಳ್ಳಿ. ಚಳಿ ಆಗುತ್ತಿರುವುದು ನಿಮಗೆ, ಅದಕ್ಕಲ್ಲ.

ಅದರ ಮೈ ನೋಡಿ. ನೋಡಲು ಕಾಡೆಮ್ಮೆ, ಸಂಬಂಧ ಮಾತ್ರ ಕುರಿ-ಮೇಕೆಗಳ ಜೊತೆ. ಹೊರಗೆ ಹೆಚ್ಚುಕಡಿಮೆ ನೆಲ ಮುಟ್ಟುವ ಒರಟು ಕೂದಲು. ಅದರಡಿ ಕಿವಿಯುಟ್ ಎಂಬ ನವಿರು ತುಪ್ಪಳ, ಕುರಿಯ ಉಣ್ಣೆಗಿಂತ ಎಷ್ಟೋ ಬೆಚ್ಚಗೆ. ವಸಂತ ಬಂದಾಗ ಅದು ಚಿಂದಿಚಿಂದಿಯಾಗಿ ಕಳಚಿ ಜೋತಾಡುತ್ತದೆ. ಆ ನೂಲಿನಿಂದ ಅಲಾಸ್ಕಾದ ಮೂಲನಿವಾಸಿ ಹೆಂಗಸರು ಕುಲಾವಿ, ಶಾಲು ಹೆಣೆಯುತ್ತಾರೆ. 1969ರಿಂದ ಅವರದೊಂದು ಸಹಕಾರ ಸಂಘವೇ ಇದೆ. ಇನ್ನು ಕರು ಹುಟ್ಟುವುದು ಏಪ್ರಿಲ್-ಮೇನಲ್ಲಿ, ನೆಲದ ಮೇಲೆ ಇನ್ನೂ ಹಿಮ ಬಿದ್ದಿರುವಾಗಲೇ. ಇಂಥದ್ದಕ್ಕೆ ನಾವು ಕಂಬಳಿ ಹೊದಿಸಲು ಹೊರಟಿದ್ದೇವೆ!

ಅದನ್ನು ಕಾಡುವುದು ಮಳೆ. ಚಳಿಗಾಲದ ಹಿಮ ಪುಡಿಪುಡಿಯಾಗಿದ್ದರೆ ಗೊರಸಿನಿಂದ ಕೆರೆದು ಅಡಿಯ ಹುಲ್ಲು, ನೆಲಕ್ಕಂಟಿದ ವಿಲ್ಲೋ ಗಿಡ ತಿನ್ನುತ್ತದೆ. ಆ ಹಿಮದ ಮೇಲೆ ಮಳೆ ಸುರಿದರೆ? ನೀರು ಕೆಳಗಿಳಿದು ಹೆಪ್ಪುಗಟ್ಟುತ್ತದೆ. ಮೇವಿನ ಮೇಲೆ ಗಾಜಿನ ಮುಚ್ಚಳ ಹಾಕಿದ ಹಾಗೆ. ಕಾಲ ಕೆಳಗೇ ಊಟ, ಬಾಯಿಗಿಲ್ಲ. ಕೆನಡಾದ ಬ್ಯಾಂಕ್ಸ್ ದ್ವೀಪದಲ್ಲಿ 2003ರ ಅಕ್ಟೋಬರ್‌ನಲ್ಲಿ ಹೀಗೇ ಮಳೆ ಬಂತು. ಸುಮಾರು 20,000 ಮಸ್ಕ್ ಆಕ್ಸ್ ಹಸಿವಿನಿಂದ ಸತ್ತವು. ನೀವು ಹೇಳುವ ಆ ‘ಸ್ವಲ್ಪ ಬಿಸಿ’ ಅಲ್ಲಿ ಇಳಿಯುವುದು ಹೀಗೆ.

ನಮ್ಮ ಅಕ್ಕರೆಯೂ ಆ ಪ್ರಾಣಿಗೆ ಹೊಸದಲ್ಲ. ತೋಳ ಬಂದರೆ ಕರುಗಳನ್ನು ಹಿಂದಿಟ್ಟುಕೊಂಡು, ಕೊಂಬು ಮುಂದೆ ಮಾಡಿ ಸುತ್ತ ನಿಲ್ಲುತ್ತವೆ. ತೋಳದೆದುರು ಸರಿ, ಬಂದೂಕಿನೆದುರು? 19ನೇ ಶತಮಾನ ಮುಗಿಯುವಷ್ಟರಲ್ಲಿ ಅಲಾಸ್ಕಾದಲ್ಲಿ ಒಂದೂ ಉಳಿದಿರಲಿಲ್ಲ. ಮೃಗಾಲಯಕ್ಕೆ ಮುದ್ದಾದ ಕರು ಬೇಕೆಂದರೆ ಸುತ್ತ ನಿಂತ ದೊಡ್ಡವನ್ನೆಲ್ಲ ಹೊಡೆದುರುಳಿಸುತ್ತಿದ್ದರು. ಕರು ನೋಡಿ ಖುಷಿಪಟ್ಟ ಜನಕ್ಕೆ ಇದು ಗೊತ್ತಿತ್ತೋ ಇಲ್ಲವೋ. ಕೊನೆಗೆ 1930ರಲ್ಲಿ ಗ್ರೀನ್‌ಲ್ಯಾಂಡ್‌ನಿಂದ 34 ಹಿಡಿದು ತಂದು, ಕೆಲ ವರ್ಷ ಸಾಕಿ, ಉಳಿದವನ್ನು ಅಲಾಸ್ಕಾದ ನುನಿವಾಕ್ ದ್ವೀಪಕ್ಕೆ ಬಿಟ್ಟರು. ಈಗ ಅಲಾಸ್ಕಾದಲ್ಲಿರುವುದು ಅವುಗಳ ಸಂತಾನ.

ನಿಮ್ಮೊಬ್ಬರನ್ನೇ ಬೈದು ಏನು ಪ್ರಯೋಜನ? ನಮ್ಮ ಟೀವಿ, ಪತ್ರಿಕೆಗಳಲ್ಲಿ ಹವಾಮಾನವೆಂದರೆ ಒಂದೂವರೆ ಡಿಗ್ರಿ, ಎರಡು ಡಿಗ್ರಿ. ಮೇಲೊಂದು ಒಂಟಿ ಹಿಮಕರಡಿಯ ಫೋಟೋ. ಮುಗೀತು. ಯಾವ ತಿಂಗಳಲ್ಲಿ ಬಿಸಿಯಾಯಿತು, ಆಗ ಬಿದ್ದದ್ದು ಹಿಮವೋ ಮಳೆಯೋ ಎಂದು ಕೇಳುವವರೇ ಇಲ್ಲ. ಬರೀ ಸರಾಸರಿ ಓದಿದವರಿಗೆ ‘ಒಳ್ಳೆಯದೇ ಅಲ್ವಾ’ ಅನಿಸದೆ ಇನ್ನೇನನಿಸೀತು? ಪತ್ರ ಬರೆಯುತ್ತಿರಿ. ಜಗಳಕ್ಕೆ ಬರುವ ಓದುಗರು ನಮಗೆ ಬೇಕು.

ಸಂಪಾದಕ